ಎಷ್ಟು ಪರ್ಸೆಂಟ್ ಕೊಟ್ರು?

ಜಿಲ್ಲಾಸ್ಪತ್ರೆಯಲ್ಲಿ ಅಂಗವಿಕಲರ ಮೆಡಿಕಲ್ ಬೋರ್ಡ್ ಕೂರುವ ದಿನ ವರಾಂಡದಲ್ಲಿ ಅರ್ಧ ಗಂಟೆ ನಿಂತು ನೋಡಿ. ಒಳಗಿನಿಂದ ಬಂದ ಪ್ರತಿಯೊಬ್ಬರನ್ನೂ ಬೆಂಚಿನ ಮೇಲೆ ಕೂತವರು ಕೇಳುವುದು ಒಂದೇ ಪ್ರಶ್ನೆ. "ಎಷ್ಟು ಪರ್ಸೆಂಟ್ ಕೊಟ್ರು?" ತೊಂದರೆ ಏನು ಅಂತ ಯಾರೂ ಕೇಳುವುದಿಲ್ಲ. ನಲವತ್ತು ದಾಟಿದ್ದರೆ ಸಮಾಧಾನದ ನಿಟ್ಟುಸಿರು. ಮೂವತ್ತೆಂಟು ಅಂದರೆ "ಅಯ್ಯೋ, ಇನ್ನೆರಡು ಹಾಕಿದ್ರೆ ಅವರ ಗಂಟೇನು ಹೋಗ್ತಿತ್ತು" ಅನ್ನುವ ಮಾತು.

ಕೇಳುವವರ ತಪ್ಪಲ್ಲ ಅದು. ಮಾಸಾಶನಕ್ಕೆ 40 ಬೇಕು. ಬಸ್ ಪಾಸಿಗೆ 40 ಬೇಕು. ಕಾಲೇಜು ಸೀಟಿನ ಕೋಟಾಕ್ಕೆ, ಸರ್ಕಾರಿ ಕೆಲಸದ ಕೋಟಾಕ್ಕೆ, ಎಲ್ಲಕ್ಕೂ 40. ಇಷ್ಟೆಲ್ಲ ಕಡೆ ಒಂದೇ ಸಂಖ್ಯೆ ಕಂಡ ಮೇಲೆ, 40 ಇಲ್ಲದವರು ಅಂಗವಿಕಲರೇ ಅಲ್ಲ ಅಂತ ಜನ ಅಂದುಕೊಳ್ಳುವುದು ಸಹಜ. ಶಾಲೆ, ಕಾಲೇಜು, ಪರೀಕ್ಷಾ ಮಂಡಳಿಗಳೂ ಹಾಗೇ ಅಂದುಕೊಂಡಿವೆ. ಆದರೆ ಕಾನೂನು ಹಾಗೆ ಹೇಳುವುದಿಲ್ಲ. ಅಂಗವಿಕಲ ವಿದ್ಯಾರ್ಥಿಗಳ ಪರವಾಗಿ ಕಳೆದ ಐದಾರು ವರ್ಷದಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಡೆದ ಕೆಲವು ದೊಡ್ಡ ಜಗಳಗಳ ಬುಡದಲ್ಲಿ ಇರುವುದೇ ಈ ಸಂಖ್ಯೆ.

ನಮ್ಮ ಬೀದಿಯ ಒಬ್ಬಳು ಹುಡುಗಿಯ ಕಥೆ ಹೇಳುತ್ತೇನೆ. ಮೂರು ವರ್ಷದವಳಿದ್ದಾಗ ಕುದಿಯುವ ಸಾರಿನ ಪಾತ್ರೆಗೆ ಕೈ ಹಾಕಿದ್ದಳು. ಬಲಗೈಯ ಕೊನೆಯ ಮೂರು ಬೆರಳು ಒಂದಕ್ಕೊಂದು ಅಂಟಿ ಗಟ್ಟಿಯಾಗಿವೆ. ಹೆಬ್ಬೆರಳು, ತೋರುಬೆರಳ ಸಂದಿಯಲ್ಲಿ ಪೆನ್ನು ಸಿಕ್ಕಿಸಿಕೊಂಡು ಬರೆಯುತ್ತಾಳೆ. ಅಕ್ಷರ ದುಂಡಗೇ ಇದೆ. ಆದರೆ ಮುಕ್ಕಾಲು ಗಂಟೆ ಆಗುವಷ್ಟರಲ್ಲಿ ಮಣಿಕಟ್ಟು ಬಿಗಿಯುತ್ತದೆ. ಪೆನ್ನು ಇಟ್ಟು, ನೀರು ಒದರುವ ಹಾಗೆ ಕೈಯನ್ನು ಎರಡು ಸಲ ಒದರಿ, ಮತ್ತೆ ಶುರು. ಮೂರು ಗಂಟೆಯ ಪೇಪರಿನಲ್ಲಿ ಕೊನೆಯ ದೊಡ್ಡ ಪ್ರಶ್ನೆ ಅವಳಿಗೆ ಯಾವಾಗಲೂ ಬಾಕಿ. ಉತ್ತರ ಗೊತ್ತಿಲ್ಲ ಅಂತಲ್ಲ. ಕೈ ಅಲ್ಲಿಗೆ ತಲುಪುವುದಿಲ್ಲ, ಅಷ್ಟೇ.

ಬೋರ್ಡ್ ಅವಳಿಗೆ ಕೊಟ್ಟಿದ್ದು 22. ಬಿ.ಕಾಂ. ಎರಡನೇ ಸೆಮಿಸ್ಟರಿಗೆ ಹೆಚ್ಚುವರಿ ಸಮಯ ಕೇಳಲು ಅವಳ ಜೊತೆ ಕಾಲೇಜಿಗೆ ಹೋಗಿದ್ದೆ. ಗುಮಾಸ್ತರು ಒಳ್ಳೆಯವರೇ, ಕೂರಿಸಿ ಮಾತಾಡಿದರು. ಸರ್ಟಿಫಿಕೇಟಿನ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಇಳಿಸುತ್ತಾ ಬಂದು 22ರ ಹತ್ತಿರ ನಿಲ್ಲಿಸಿದರು.

"ನಲವತ್ತು ಇಲ್ವಲ್ಲ ಸಾರ್. ಹೆಂಗ್ ಕೊಡೋಕಾಗತ್ತೆ?"

"ನಲವತ್ತು ಬೇಕು ಅಂತ ಎಲ್ಲಿದೆ ಸರ್?"

"ಎಲ್ಲಿ ಅಂದ್ರೆ... ಮುಂಚಿಂದ ಹಂಗೇ ಸಾರ್."

ಅಷ್ಟು ಹೊತ್ತಿನಲ್ಲಿ ಒಂದು ಸಲವೂ ಅವರು ಆ ಹುಡುಗಿಯ ಕೈ ಕಡೆ ನೋಡಲಿಲ್ಲ.

"ಮುಂಚಿಂದ ಹಂಗೇ" ಅನ್ನುವ ಮಾತು ಸುಳ್ಳಲ್ಲ. 1995ರ ಹಳೆಯ ಅಂಗವಿಕಲರ ಕಾಯ್ದೆಯಲ್ಲಿ ಅಂಗವಿಕಲ ವ್ಯಕ್ತಿ ಎಂದರೆ ವೈದ್ಯರು ಕನಿಷ್ಠ ಶೇ 40 ಅಂತ ಬರೆದುಕೊಟ್ಟವರು ಮಾತ್ರ. ಆಗ 40 ಹೆಬ್ಬಾಗಿಲು. ಅದನ್ನು ದಾಟದವರಿಗೆ ಒಳಗೆ ಏನೂ ಇಲ್ಲ. ಎರಡು ದಶಕ ಕಚೇರಿಗಳು ಈ ಕಾಯ್ದೆಯಲ್ಲೇ ಪಳಗಿದವು. ಫಾರಂಗಳು ಹಾಗೇ ಪ್ರಿಂಟ್ ಆದವು, ಆಮೇಲೆ ಸಾಫ್ಟ್‌ವೇರ್ ಕೂಡ ಹಾಗೇ ತಯಾರಾಯಿತು.

2016ರ ಡಿಸೆಂಬರಿನಲ್ಲಿ ಅಂಗವಿಕಲರ ಹಕ್ಕುಗಳ ಹೊಸ ಕಾಯ್ದೆ ಬಂತು. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಳೆಯದರಲ್ಲಿ ಏಳು ಬಗೆಯ ಅಂಗವೈಕಲ್ಯ ಇತ್ತು, ಇದರಲ್ಲಿ 21 ಇವೆ. ಪತ್ರಿಕೆಗಳು ಈ ಸಂಖ್ಯೆಯನ್ನೇ ದೊಡ್ಡದಾಗಿ ಬರೆದವು. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಬದಲಾವಣೆ ಎರಡನೇ ಸೆಕ್ಷನ್ನಿನಲ್ಲಿ ಸದ್ದಿಲ್ಲದೆ ಕೂತಿದೆ. ಅಲ್ಲಿ ಒಂದರ ಬದಲು ಎರಡು ವ್ಯಾಖ್ಯೆ. ಒಂದು, ಅಂಗವಿಕಲ ವ್ಯಕ್ತಿ: ದೀರ್ಘಕಾಲದ ದೈಹಿಕ, ಮಾನಸಿಕ, ಬೌದ್ಧಿಕ ಅಥವಾ ಇಂದ್ರಿಯಗಳ ಕೊರತೆ ಇದ್ದು, ಹೊರಗಿನ ಅಡೆತಡೆಗಳ ಜೊತೆ ಸೇರಿ ಅದು ಬದುಕಿಗೆ ಅಡ್ಡ ಬರುತ್ತಿದ್ದರೆ ಸಾಕು. ಪರ್ಸೆಂಟಿನ ಮಾತೇ ಇಲ್ಲ. ಇನ್ನೊಂದು, 'ಬೆಂಚ್‌ಮಾರ್ಕ್' ಅಂಗವೈಕಲ್ಯ: ಇದಕ್ಕೆ 40 ಬೇಕು.

ಯಾವ ಸೌಲಭ್ಯಕ್ಕೆ ಯಾವ ವ್ಯಾಖ್ಯೆ ಅಂತಲೂ ಕಾಯ್ದೆ ಬಿಡಿಸಿ ಹೇಳಿದೆ. ಉನ್ನತ ಶಿಕ್ಷಣದಲ್ಲಿ ಕನಿಷ್ಠ ಶೇ 5 ಸೀಟು, ಸರ್ಕಾರಿ ಹುದ್ದೆಯಲ್ಲಿ ಕನಿಷ್ಠ ಶೇ 4, 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಇವೆಲ್ಲ 40 ಇದ್ದವರಿಗೆ. ಸೀಟು, ಹಣ ಎರಡಕ್ಕೂ ಮಿತಿ ಇರುವುದರಿಂದ ಎಲ್ಲೋ ಒಂದು ಗೆರೆ ಹಾಕಲೇಬೇಕು, ಒಪ್ಪೋಣ. ಆದರೆ ತಾರತಮ್ಯ ಮಾಡದೆ ದಾಖಲು ಮಾಡಿಕೊಳ್ಳಬೇಕು, ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಅನ್ನುವ 16ನೇ ಸೆಕ್ಷನ್ನಿನಲ್ಲಿ ಆ ಗೆರೆ ಇಲ್ಲ. ಅದು ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಅಂದರೆ ಲಕ್ಷಗಟ್ಟಲೆ ಫೀಸು ತಗೊಳ್ಳುವ ಖಾಸಗಿ ಶಾಲೆಗೂ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಸ್ಕ್ರೈಬ್ (ಹೇಳಿದ ಉತ್ತರವನ್ನು ಬರೆದುಕೊಡುವವರು), ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವುಗಳ ಬಗ್ಗೆ ಹೇಳುವುದು 17ನೇ ಸೆಕ್ಷನ್. ಅಲ್ಲೂ ಇರುವುದು 'ಅಂಗವಿಕಲ ವಿದ್ಯಾರ್ಥಿಗಳು' ಎಂಬ ಮಾತು ಮಾತ್ರ. ಬೆಂಚ್‌ಮಾರ್ಕ್ ಅಂತಿಲ್ಲ.

ಸರ್ಕಾರಕ್ಕೇ ಇದು ಗೊತ್ತು. ಅಂಗವಿಕಲರಿಗೆ ಈಗ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡಿಗೆ ಮೂರು ಬಣ್ಣ. 80 ಮತ್ತು ಮೇಲ್ಪಟ್ಟವರಿಗೆ ನೀಲಿ, 40ರಿಂದ 80ರ ಒಳಗಿನವರಿಗೆ ಹಳದಿ, 40ಕ್ಕಿಂತ ಕಡಿಮೆ ಇರುವವರಿಗೆ ಬಿಳಿ. 40 ಇಲ್ಲದವರು ಅಂಗವಿಕಲರೇ ಅಲ್ಲ ಅನ್ನುವುದಾದರೆ ಬಿಳಿ ಕಾರ್ಡು ಯಾಕೆ ಬೇಕಿತ್ತು, ಅಲ್ವಾ? (ಕನ್ನಡದ ಸರ್ಕಾರಿ ಕಾಗದದಲ್ಲಿ ಇವರನ್ನು 'ವಿಕಲಚೇತನ' ಅನ್ನುತ್ತಾರೆ. ಅಂಗ ಹೋಗಲಿ, ಚೇತನಕ್ಕೇ ವಿಕಲ ಅಂತ ಹೆಸರಿಡಬೇಕು ಅಂತ ಯಾವ ಪುಣ್ಯಾತ್ಮರಿಗೆ ಹೊಳೆಯಿತೋ. ನಾನು ಹಳೆಯ 'ಅಂಗವಿಕಲ'ವನ್ನೇ ಬಳಸುತ್ತೇನೆ.)

ಈ ಎರಡು ವ್ಯಾಖ್ಯೆಗಳ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ ಬಾಯಲ್ಲಿ ಹೇಳಿಸಿದ್ದು ವಿಕಾಸ್ ಕುಮಾರ್ ವಿರುದ್ಧ ಯುಪಿಎಸ್‌ಸಿ ಪ್ರಕರಣ. ಬರೆಯಲು ಹೋದಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿ, 2018ರ ನಾಗರಿಕ ಸೇವಾ ಪರೀಕ್ಷೆಗೆ ಸ್ಕ್ರೈಬ್ ಬೇಕು ಅಂತ ಕೇಳಿದರು. ದೃಷ್ಟಿ ಇಲ್ಲದವರಿಗೆ, ಇಲ್ಲವೇ 40 ದಾಟಿದ ಚಲನಾ ತೊಂದರೆ ಅಥವಾ ಸೆರೆಬ್ರಲ್ ಪಾಲ್ಸಿ ಇರುವವರಿಗೆ ಮಾತ್ರ ಅಂತ ಉತ್ತರ ಬಂತು. ಮೊದಲು ಆಡಳಿತ ನ್ಯಾಯಮಂಡಳಿ, ಆಮೇಲೆ ದೆಹಲಿ ಹೈಕೋರ್ಟ್, ಎರಡೂ ಕಡೆ ಸೋಲು. 2021ರ ಫೆಬ್ರವರಿ 11ರಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಇದ್ದ ಮೂವರ ಪೀಠ ತೀರ್ಪು ಕೊಟ್ಟಿತು. 40 ಎಂಬುದು ಮೀಸಲಾತಿಯಂಥ ವಿಷಯಕ್ಕೆ. ಸ್ಕ್ರೈಬ್ ಕೊಡುವುದು ಮೀಸಲಾತಿ ಅಲ್ಲ, ಎಲ್ಲರ ಜೊತೆ ಸಮವಾಗಿ ಪರೀಕ್ಷೆ ಬರೆಯಲು ಮಾಡಿಕೊಡುವ ಹೊಂದಾಣಿಕೆ. ಹೊಂದಾಣಿಕೆ ಎಲ್ಲ ಅಂಗವಿಕಲರಿಗೂ ಸೇರಿದ್ದು, ಅದನ್ನು ನಿರಾಕರಿಸುವುದೇ ತಾರತಮ್ಯ. ತೀರ್ಪಿನ ಸಾರ ಇಷ್ಟು.

ಯುಪಿಎಸ್‌ಸಿ ಕಡೆಯಿಂದ ಬಂದ ಒಂದು ವಾದ ನಾವೆಲ್ಲ ದಿನಾ ಕೇಳುವಂಥದ್ದೇ. ಬಾಗಿಲು ತೆರೆದರೆ ದುರುಪಯೋಗ ಆಗುತ್ತದೆ ಅಂತ. ದುರುಪಯೋಗ ಆಗುವುದಿಲ್ಲ ಅಂತ ನಾನೂ ಹೇಳುವುದಿಲ್ಲ. 2024ರಲ್ಲಿ ತರಬೇತಿಯಲ್ಲಿದ್ದ ಐಎಎಸ್ ಅಧಿಕಾರಿಯೊಬ್ಬರ ಸರ್ಟಿಫಿಕೇಟ್ ವಿವಾದ ಟಿವಿಯಲ್ಲಿ ತಿಂಗಳುಗಟ್ಟಲೆ ಓಡಿತು. ಎಲ್ಲೋ ಒಬ್ಬರು ಮಾಡಿದ್ದಕ್ಕೆ ಅನುಮಾನದ ಕಣ್ಣು ಬೀಳುವುದು ಮಾತ್ರ ನಿಜವಾಗಿ ಕೈ ಆಡದವರ ಮೇಲೆ. ಖೋಟಾ ನೋಟು ಇದೆ ಅಂತ ಸಂಬಳ ಕೊಡುವುದನ್ನು ಯಾರೂ ನಿಲ್ಲಿಸುವುದಿಲ್ಲ. ದುರುಪಯೋಗದ ಭಯಕ್ಕೆ ನಿಜವಾದವರ ಹಕ್ಕನ್ನು ಕಸಿಯಲಾಗದು ಅಂತಲೇ ಕೋರ್ಟೂ ಹೇಳಿತು.

ಮೂರು ತಿಂಗಳಲ್ಲಿ ಮಾರ್ಗಸೂಚಿ ಮಾಡಿ ಅಂದಿತ್ತು ಕೋರ್ಟು. ಅದು ಬಂದಿದ್ದು 2022ರ ಆಗಸ್ಟ್ 10ರಂದು, ಒಂದೂವರೆ ವರ್ಷ ಬಿಟ್ಟು. 40ಕ್ಕಿಂತ ಕಡಿಮೆ ಇದ್ದರೂ ಬರೆಯಲು ತೊಂದರೆ ಇದ್ದವರಿಗೆ ಸ್ಕ್ರೈಬ್, ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಜಾಸ್ತಿ. ಆದರೆ ಇಲ್ಲೂ ಒಂದು ಕೊಕ್ಕೆ. ಬೇರೆಯದೇ ಸರ್ಟಿಫಿಕೇಟ್ ತರಬೇಕಿತ್ತು, ಅದರ ಆಯಸ್ಸು ಆರೇ ತಿಂಗಳಾಗಿತ್ತು. ಅಂಟಿಕೊಂಡ ಬೆರಳು ಆರು ತಿಂಗಳಲ್ಲಿ ಬಿಡಿಸಿಕೊಳ್ಳುತ್ತದೆಯೇ? ಇನ್ನೊಬ್ಬ ಅಭ್ಯರ್ಥಿ ಬ್ಯಾಂಕ್ ಪರೀಕ್ಷೆಯ ವಿಷಯದಲ್ಲಿ ಹೂಡಿದ ಕೇಸಿನಲ್ಲಿ, ಗುಲ್ಶನ್ ಕುಮಾರ್ ವಿರುದ್ಧ ಐಬಿಪಿಎಸ್, 2025ರ ಫೆಬ್ರವರಿ 3ರಂದು ಸುಪ್ರೀಂ ಕೋರ್ಟ್ ಮತ್ತೆ ಅದನ್ನೇ ಹೇಳಬೇಕಾಯಿತು. 40 ಇದ್ದವರಿಗೆ ಸಿಗುವ ಸೌಲಭ್ಯ ಉಳಿದ ಅಂಗವಿಕಲ ಅಭ್ಯರ್ಥಿಗಳಿಗೂ ಸಿಗಲಿ, ಆ ಮಾರ್ಗಸೂಚಿ ಮತ್ತೆ ನೋಡಿ, ಸರ್ಟಿಫಿಕೇಟಿನ ಅವಧಿ ಹೆಚ್ಚಿಸಿ. ನಾಲ್ಕು ವರ್ಷದಲ್ಲಿ ಒಂದೇ ಪಾಠ ಎರಡು ಸಲ.

ಅಷ್ಟಕ್ಕೂ ಈ ಪರ್ಸೆಂಟ್ ಅಳೆಯುವುದೇನನ್ನು? ದೇಹದ ಒಂದು ಭಾಗದಲ್ಲಿ ಎಷ್ಟು ಶಾಶ್ವತ ಕೊರತೆ ಇದೆ ಅನ್ನುವುದನ್ನು. ಪರೀಕ್ಷೆಯ ಕೋಣೆಯಲ್ಲಿ ಅದು ಏನು ಮಾಡುತ್ತದೆ ಅನ್ನುವುದನ್ನಲ್ಲ. ಒಂದು ಕಾಲು ಇಲ್ಲದವನ ಸರ್ಟಿಫಿಕೇಟಿನಲ್ಲಿ ದೊಡ್ಡ ಅಂಕಿ ಇರುತ್ತದೆ, ಅವನು ಮೂರು ಗಂಟೆ ಸಲೀಸಾಗಿ ಬರೆಯುತ್ತಾನೆ. ಅವನಿಗೆ ಬೇಕಿರುವುದು ನೆಲಮಹಡಿಯ ಕೋಣೆ. ನಮ್ಮ ಬೀದಿಯ ಹುಡುಗಿ ಮೆಟ್ಟಿಲು ಎರಡೆರಡಾಗಿ ಹತ್ತುತ್ತಾಳೆ. ಅವಳಿಗೆ ಬೇಕಿರುವುದು ಒಂದು ಗಂಟೆ. 22 ಅಂತ ಓದಿದರೂ 72 ಅಂತ ಓದಿದರೂ ಈ ವಿಷಯ ಗೊತ್ತಾಗುವುದಿಲ್ಲ. ಕೈ ನೋಡಬೇಕು, ಇಲ್ಲವೇ ಅವಳನ್ನೇ ಕೇಳಬೇಕು.

ವೈದ್ಯಕೀಯ ಸೀಟಿನ ವಿಷಯದಲ್ಲಂತೂ ಇದು ತಮಾಷೆಯ ಮಟ್ಟಕ್ಕೆ ಹೋಗಿತ್ತು. 2019ರ ನಿಯಮದ ಪ್ರಕಾರ ಮಾತು ಮತ್ತು ಭಾಷೆಯ ತೊಂದರೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎಂಬಿಬಿಎಸ್‌ಗೆ ಅರ್ಹತೆಯೇ ಇರಲಿಲ್ಲ. 40ಕ್ಕಿಂತ ಕಡಿಮೆ ಇದ್ದರೆ ಓದಬಹುದಿತ್ತು, ಆದರೆ ಕೋಟಾ ಇರಲಿಲ್ಲ. ಈಗ ನೀವೇ ಲೆಕ್ಕ ಹಾಕಿ. ಆ ವರ್ಗದಲ್ಲಿ ಕೋಟಾದ ಸೀಟು ಯಾರಿಗೆ? ಯಾರಿಗೂ ಇಲ್ಲ. ಎಲೆ ಹಾಕಿದ್ದಾರೆ, ಕೂರುವ ಹಾಗಿಲ್ಲ.

ಇದನ್ನು ಪ್ರಶ್ನಿಸಿದ್ದು ಓಂಕಾರ್ ಗೊಂಡ್ ಪ್ರಕರಣ. ಮಾತಿನ ತೊಂದರೆ 40ಕ್ಕಿಂತ ಚೂರು ಮೇಲಿದ್ದ ವಿದ್ಯಾರ್ಥಿ. ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ, ಅರವಿಂದ್ ಕುಮಾರ್, ಕೆ.ವಿ. ವಿಶ್ವನಾಥನ್ ಪೀಠ (ಅರವಿಂದ್ ಕುಮಾರ್ ನಮ್ಮ ಕರ್ನಾಟಕದವರು) ಮಾಡಿದ ಬುದ್ಧಿವಂತಿಕೆಯ ಕೆಲಸ ಏನೆಂದರೆ, ವಾದವನ್ನು ಎಳೆಯಲಿಲ್ಲ. ದೆಹಲಿಯ ಮೌಲಾನಾ ಆಜಾದ್ ಮೆಡಿಕಲ್ ಕಾಲೇಜಿನ ವೈದ್ಯರ ಮಂಡಳಿಯಿಂದ ಪರೀಕ್ಷೆ ಮಾಡಿಸಿತು. ಈ ಹುಡುಗನಿಗೆ ವೈದ್ಯಕೀಯ ಓದಲು ತೊಂದರೆ ಇಲ್ಲ ಅಂತ ವರದಿ ಬಂತು. 2024ರ ಸೆಪ್ಟೆಂಬರಿನಲ್ಲೇ ಸೀಟು ಕೊಡಿಸಿತು. ಕಾರಣಗಳನ್ನು ವಿವರಿಸಿದ ತೀರ್ಪು ಬಂದಿದ್ದು ಅಕ್ಟೋಬರ್ 15ರಂದು. ಸಂಖ್ಯೆ ನೋಡಿ ತಿರಸ್ಕರಿಸುವ ಹಾಗಿಲ್ಲ, ಈ ವಿದ್ಯಾರ್ಥಿ ಈ ಕೋರ್ಸ್ ಮಾಡಲು ಆಗುತ್ತದೆಯೋ ಇಲ್ಲವೋ ಅಂತ ಮಂಡಳಿ ಕಾರಣ ಸಮೇತ ಬರೆಯಬೇಕು ಎಂದಿತು. 2025ರ ಫೆಬ್ರವರಿಯಲ್ಲಿ ಅನ್ಮೋಲ್ ಎಂಬ ಇನ್ನೊಂದು ಪ್ರಕರಣದಲ್ಲಿ, ವೈದ್ಯನಾಗಲು ಎರಡೂ ಕೈ ಪೂರ್ತಿ ಸರಿ ಇರಬೇಕು ಎಂಬ ಷರತ್ತೂ ಬಿದ್ದುಹೋಯಿತು.

ಮೊದಲು ಸೀಟು, ಆಮೇಲೆ ತೀರ್ಪಿನ ಪುಟಗಳು. ಈ ಕ್ರಮ ಯಾಕೆ ಮುಖ್ಯ ಅಂತ ಗೊತ್ತಾಗಬೇಕಾದರೆ 2021ರ ಅವ್ನಿ ಪ್ರಕಾಶ್ ಪ್ರಕರಣ ನೋಡಬೇಕು. ಬರವಣಿಗೆಯ ತೊಂದರೆ ಇದ್ದ ವಿದ್ಯಾರ್ಥಿನಿ. 40ರ ಸರ್ಟಿಫಿಕೇಟೂ ಇತ್ತು. ನೀಟ್ ಪರೀಕ್ಷೆಯಲ್ಲಿ ಅವಳಿಗೆ ಒಂದು ಗಂಟೆ ಹೆಚ್ಚು ಸಿಗಬೇಕಿತ್ತು. ಕೇಂದ್ರದಲ್ಲಿದ್ದವರಿಗೆ ನಿಯಮವೇ ಗೊತ್ತಿರಲಿಲ್ಲ. ಮೂರು ಗಂಟೆ ಆದ ಕೂಡಲೇ ಎಲ್ಲರ ಜೊತೆ ಅವಳ ಉತ್ತರ ಪತ್ರಿಕೆಯನ್ನೂ ಕಿತ್ತುಕೊಂಡರು. ನ್ಯಾಯಮೂರ್ತಿಗಳಾದ ಚಂದ್ರಚೂಡ್ ಮತ್ತು ಎ.ಎಸ್. ಬೋಪಣ್ಣ ಅವರಿದ್ದ ಪೀಠ ಆ ವರ್ಷದ ನವೆಂಬರಿನಲ್ಲಿ ಅನ್ಯಾಯ ಆಗಿದೆ ಅಂತ ಸ್ಪಷ್ಟವಾಗಿ ಹೇಳಿತು. ಆದರೆ ಮರುಪರೀಕ್ಷೆ ಇಲ್ಲ ಅಂದಿತು. ಏನು ಪರಿಹಾರ ಕೊಡಬಹುದು ಅಂತ ಒಂದು ವಾರದಲ್ಲಿ ಯೋಚಿಸಿ ಎಂದು ಪರೀಕ್ಷೆ ನಡೆಸುವ ಎನ್‌ಟಿಎಗೆ ಸೂಚಿಸಿತು. ಲಕ್ಷಾಂತರ ಮಂದಿ ಬರೆದ ಪರೀಕ್ಷೆಯನ್ನು ಒಬ್ಬಳಿಗಾಗಿ ಮತ್ತೆ ನಡೆಸುವುದು ಕಷ್ಟ ನಿಜ. ಹೋದ ಗಂಟೆಯನ್ನು ತಂದುಕೊಡಲು ಯಾವ ಕೋರ್ಟಿಗೂ ಬರುವುದಿಲ್ಲ.

ಹಾಗಾಗಿ ಈ ಹೋರಾಟದಲ್ಲಿ ತೀರ್ಪಿಗಿಂತ ತಾರೀಖು ದೊಡ್ಡದು. ಮಾರ್ಚಿನಲ್ಲಿ ಪರೀಕ್ಷೆ ಇದ್ದರೆ ಫೆಬ್ರವರಿಯಲ್ಲಿ ಓಡಾಡುವುದಲ್ಲ, ಶಾಲೆ ಶುರುವಾದ ಜೂನ್, ಜುಲೈನಲ್ಲೇ ಅರ್ಜಿ ಕೊಡಬೇಕು. ಬಾಯಿಮಾತಿನಲ್ಲಿ ಕೇಳಿ ಬಾಯಿಮಾತಿನಲ್ಲೇ ಇಲ್ಲ ಅನ್ನಿಸಿಕೊಂಡು ಬರುವುದು ನಮ್ಮಲ್ಲಿ ಜಾಸ್ತಿ. ಬರೆದು ಕೊಡಿ, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಆಗಲ್ಲ ಅಂದರೆ ಅದನ್ನೂ ಹಿಂಬರಹದಲ್ಲೇ ಕೇಳಿ. ಮುಂದೆ ಯಾವ ಬಾಗಿಲು ತಟ್ಟಿದರೂ ಮೊದಲು ಕೇಳುವುದು ಈ ಕಾಗದವನ್ನೇ.

ಮುಂದಿನ ಬಾಗಿಲು ರಾಜ್ಯ ಅಂಗವಿಕಲರ ಆಯುಕ್ತರದ್ದು. ವಕೀಲರು ಬೇಕಿಲ್ಲ, ಒಂದು ದೂರು ಬರೆದು ಕಳಿಸಿದರೆ ಆಯಿತು. ಸಂಬಂಧಪಟ್ಟವರನ್ನು ಕರೆಸುವ, ದಾಖಲೆ ತರಿಸುವ ಅಧಿಕಾರ ಅವರಿಗಿದೆ. ಹಲ್ಲು ಮಾತ್ರ ಅಷ್ಟು ಗಟ್ಟಿಯಿಲ್ಲ. ಅವರು ಕೊಡುವುದು ಶಿಫಾರಸು. ಪಾಲಿಸುವವರು ಮೂರು ತಿಂಗಳಲ್ಲಿ ಏನು ಮಾಡಿದೆವು ಅಂತ ತಿಳಿಸಬೇಕು, ಒಪ್ಪದಿದ್ದರೆ ಕಾರಣ ಕೊಡಬೇಕು. ಮೂರು ತಿಂಗಳಲ್ಲಿ ಒಂದು ಸೆಮಿಸ್ಟರ್ ಹೆಚ್ಚುಕಡಿಮೆ ಮುಗಿದೇ ಹೋಗಿರುತ್ತದೆ! ಆದರೂ ಆಯುಕ್ತರ ಕಚೇರಿಯಿಂದ ಒಂದು ನೋಟಿಸ್ ಬಂತೆಂದರೆ ಎಷ್ಟೋ ಪ್ರಾಂಶುಪಾಲರು ಅಲ್ಲಿಗೇ ದಾರಿಗೆ ಬರುತ್ತಾರೆ. ಕಾಯ್ದೆ ಮುರಿದರೆ ಮೊದಲ ಸಲ 10 ಸಾವಿರ ರೂಪಾಯಿವರೆಗೆ, ಆಮೇಲೆ 50 ಸಾವಿರದಿಂದ 5 ಲಕ್ಷದವರೆಗೆ ದಂಡ ಅಂತಲೂ ಇದೆ.

ಅದಕ್ಕೂ ಬಗ್ಗದಿದ್ದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಬೆಂಗಳೂರಿಗೇ ಬರಬೇಕಿಲ್ಲ, ಧಾರವಾಡ, ಕಲಬುರಗಿ ಪೀಠಗಳಿವೆ. ವಕೀಲರ ಫೀಸಿಗೆ ಹೆದರಿ ಸುಮ್ನೆ ಕೂರುವವರು ಒಂದು ವಿಷಯ ತಿಳಿದಿರಲಿ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಅಂಗವಿಕಲರಿಗೆ ಉಚಿತ ವಕೀಲರನ್ನು ಕೊಡಬೇಕು ಅಂತಿದೆ, ಅದಕ್ಕೆ ಆದಾಯದ ಮಿತಿ ಇಲ್ಲ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಅವರ ಸಮಿತಿ ಇರುತ್ತದೆ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನನ್ನನ್ನು ಕಾಡುವುದು ಬೇರೆ ಮಕ್ಕಳು. ಕೈಯಲ್ಲಿ 22ರ ಕಾಗದವಾದರೂ ಇದ್ದವರು ಜಗಳ ಆಡಬಹುದು. ಕಾಗದವೇ ಇಲ್ಲದವರು? ಓದಲು, ಬರೆಯಲು, ಲೆಕ್ಕ ಮಾಡಲು ಮಾತ್ರ ಕಷ್ಟವಾಗುವ ಕಲಿಕಾ ನ್ಯೂನತೆ ಹೊಸ ಕಾಯ್ದೆಯ 21ರಲ್ಲಿ ಒಂದು. ಅದನ್ನು ಪತ್ತೆ ಹಚ್ಚಲು 2018ರ ನಿಯಮ ಹೇಳಿದ ಪರೀಕ್ಷೆ ತಯಾರಾಗಿದ್ದು ನಮ್ಮ ನಿಮ್ಹಾನ್ಸ್‌ನಲ್ಲೇ. ಆದರೆ ಬೆಂಗಳೂರಿನ ದೊಡ್ಡ ಶಾಲೆಯ ಮಗುವಿಗೆ ಮೂರನೇ ಕ್ಲಾಸಿನಲ್ಲೇ ಸಿಗುವ ಆ ಹೆಸರು, ಹಳ್ಳಿಯ ಸರ್ಕಾರಿ ಶಾಲೆಯ ಮಗುವಿಗೆ ಸಿಗುವುದೇ ಅಪರೂಪ. ಅಲ್ಲಿ ಆ ಮಗುವಿಗೆ ಇರುವ ಹೆಸರು 'ದಡ್ಡ'. ಇಂಥ ಮಕ್ಕಳನ್ನು ಬೇಗ ಗುರುತಿಸುವುದು ಶಾಲೆಯ ಕೆಲಸ ಅಂತ 16ನೇ ಸೆಕ್ಷನ್, ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ಮಾಡಬೇಕು ಅಂತ 17ನೇ ಸೆಕ್ಷನ್ ಹೇಳುತ್ತವೆ. ಗುರುತಿಸುವವರು ಬೇಕಲ್ಲ? ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ, ಅದರ ಮೇಲೆ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕು. ಆ ಹುದ್ದೆಗಳನ್ನು ಕಾಯಂ ಆಗಿ ಮಂಜೂರು ಮಾಡಿ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. 2025ರ ಮಾರ್ಚಿನಲ್ಲೂ ರಾಜ್ಯಗಳಿಗೆ ಹೊಸ ಗಡುವು ಹಾಕುತ್ತಲೇ ಇತ್ತು. ಈಗ ತಾಲ್ಲೂಕು ಮಟ್ಟದಲ್ಲಿರುವ, ಇಂಥ ಮಕ್ಕಳನ್ನು ನೋಡಿಕೊಳ್ಳುವ ಬಿಐಇಆರ್‌ಟಿ ಶಿಕ್ಷಕರು ಶಾಲೆಯಿಂದ ಶಾಲೆಗೆ ಬೈಕಿನಲ್ಲಿ ಸುತ್ತುತ್ತಾರೆ. ಒಂದು ಮಗುವಿನ ಪಕ್ಕ ಅವರು ಎಷ್ಟು ಹೊತ್ತು ಕೂರಲು ಸಾಧ್ಯ?

ನಮ್ಮ ಬೀದಿಯ ಹುಡುಗಿಯ ಅರ್ಜಿಗೆ ಬರೋಣ. ಒಂದೇ ಪುಟ. 17ನೇ ಸೆಕ್ಷನ್, ವಿಕಾಸ್ ಕುಮಾರ್ ತೀರ್ಪಿನ ತಾರೀಖು, 2022ರ ಮಾರ್ಗಸೂಚಿ. ಕೆಳಗೆ ಅವಳ ಸಹಿ, ನಿಧಾನವಾಗಿ, ದುಂಡಗೆ. ಗುಮಾಸ್ತರು ಸೀಲು ಹಾಕಿಕೊಟ್ಟರು. ಪ್ರಾಂಶುಪಾಲರ ಟೇಬಲ್ಲಿನ ಮೇಲೆ ಅದು ಹದಿನೇಳು ದಿನ ಕೂತಿತ್ತು. ಆಯುಕ್ತರಿಗೆ ಬರೆಯಬೇಕೇನೋ ಅಂತ ನಾವು ಲಕೋಟೆ ಕೂಡ ತಂದಿಟ್ಟಿದ್ದೆವು. ಬೇಕಾಗಲಿಲ್ಲ. ವಿಶ್ವವಿದ್ಯಾಲಯದಿಂದ ಒಪ್ಪಿಗೆ ಬಂತು.

ಮೂರನೇ ಸೆಮಿಸ್ಟರಿನ ಹಾಲ್ ಟಿಕೆಟ್ ತರಲು ಹೋದಾಗ ಅದೇ ಗುಮಾಸ್ತರು ರಿಜಿಸ್ಟರ್ ತೆಗೆದರು. ಹೆಸರು, ತರಗತಿ, ಸೌಲಭ್ಯ ಅಂತ ಬರೆದುಕೊಂಡು ಬಂದು ಕೊನೆಯ ಕಾಲಂನಲ್ಲಿ ಪೆನ್ನು ನಿಲ್ಲಿಸಿದರು. ಅದರ ತಲೆಬರಹ 'ಶೇಕಡಾ (40 ಮತ್ತು ಮೇಲ್ಪಟ್ಟು)'.

"ಇಲ್ಲಿ ಎಷ್ಟು ಅಂತ ಬರೀಲಮ್ಮಾ?"

"ಇಪ್ಪತ್ತೆರಡು ಅಂತಾನೇ ಬರೀರಿ ಸರ್" ಅಂದಳು.

ಅವರು ಸ್ಕೇಲು ಹುಡುಕಿ, ಕಂಸದೊಳಗಿನದರ ಮೇಲೆ ಒಂದು ಗೆರೆ ಎಳೆದು, ಬರೆದುಕೊಂಡರು.